ಗೋಡೆ ಕಟ್ಟಿದವರು ಎಲ್ಲಿ ಹೋದರು?

ನಮಸ್ಕಾರ.

ಬ್ರಿಟನ್ನಿನ ಶಿಲ್ಪಿಗಳಾದ ಆ್ಯಂಡಿ ಗೋಲ್ಡ್ಸ್‌ವರ್ದಿ ಮತ್ತು ಡೇವಿಡ್ ನ್ಯಾಶ್ ಅವರನ್ನು ಹೋಲಿಸಿ ನೀವು ಕಳಿಸಿದ ‘ನಿಸರ್ಗದ ಮಡಿಲ ಶಿಲ್ಪಿಗಳು’ ಲೇಖನ ಓದಿದೆ. ಇವರ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಈ ವಿಷಯ ಎತ್ತಿಕೊಂಡದ್ದು ಸಂತೋಷ. ಭಾಷೆಯೂ ಸಲೀಸಾಗಿದೆ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ನನಗೆ ಮನಸ್ಸಿಲ್ಲ. ಕಾರಣ ಎರಡು ಜಾಗದಲ್ಲಿದೆ.

ಮೊದಲನೆಯದು: “ಸ್ಟಾರ್ಮ್ ಕಿಂಗ್ ಗೋಡೆ ಕಾಡಿನ ಮರಗಳ ನಡುವೆ ತಾನೇ ತಾನಾಗಿ ಹರಿದು, ಕೊಳದಲ್ಲಿ ಮುಳುಗಿ, ಅನಂತದಲ್ಲಿ ಲೀನವಾಗುತ್ತದೆ.”

ಅದು ತಾನಾಗಿ ಹರಿಯಲಿಲ್ಲ. ನ್ಯೂಯಾರ್ಕ್ ರಾಜ್ಯದ ಸ್ಟಾರ್ಮ್ ಕಿಂಗ್ ಕಲಾ ಕೇಂದ್ರದಲ್ಲಿ 1997-98ರಲ್ಲಿ ಗೋಲ್ಡ್ಸ್‌ವರ್ದಿ ಕಟ್ಟಿಸಿದ 2,278 ಅಡಿ ಉದ್ದದ ಗೋಡೆ ಅದು. ಗಾರೆ ಇಲ್ಲ, ಸಿಮೆಂಟ್ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂರಿಸುತ್ತಾ ಹೋದದ್ದು. ಕೂರಿಸಿದವರು ಅದೇ ಕಸುಬು ಮಾಡುವ, ಬ್ರಿಟನ್ನಿನಿಂದ ಬಂದ ಕೆಲಸಗಾರರು. ಕಲ್ಲನ್ನು ಆ ಜಾಗದಲ್ಲೇ ಆಯ್ದರು. ಅಲ್ಲಿ ಮೊದಲೇ ಹೊಲದ ಹಳೆಯ ಗೋಡೆಯೊಂದು ಕುಸಿದು ಬಿದ್ದಿತ್ತು. ಬೇಸಾಯ ನಿಂತ ಮೇಲೆ ಅದರುದ್ದಕ್ಕೂ ಮರಗಳು ಎದ್ದಿದ್ದವು. ಹೊಸ ಗೋಡೆ ಒಂದೊಂದು ಮರವನ್ನೂ ಸುತ್ತಿಕೊಂಡು ಹೋಗುವಂತೆ ಗೋಲ್ಡ್ಸ್‌ವರ್ದಿ ಅದನ್ನು ಬಾಗಿಸಿದರು. ನೀವು ಕಾಡು ಎನ್ನುತ್ತಿರುವುದು ಒಂದು ಕಾಲದ ಹೊಲ.

ಇನ್ನು ‘ಅನಂತ’. ಗೋಡೆ ಕೊಳದಲ್ಲಿ ಮುಳುಗಿ ಕೊನೆಯಾಗುವುದಿಲ್ಲ. ಆಚೆ ದಡದಲ್ಲಿ ಎದ್ದು, ಗುಡ್ಡ ಹತ್ತಿ, ಕಾರು ಲಾರಿಗಳು ಓಡುವ ಹೆದ್ದಾರಿಯ ಅಂಚಿಗೆ ಬಂದು ನಿಲ್ಲುತ್ತದೆ. ನಿಮ್ಮ ಲೇಖನದಲ್ಲಿ ಹೆದ್ದಾರಿ ಇಲ್ಲ, ಕೆಲಸಗಾರರಿಲ್ಲ, ರೈತರಿಲ್ಲ. ಮನುಷ್ಯರನ್ನೆಲ್ಲ ಹೊರಗೆ ಕಳಿಸಿ ಉಳಿದದ್ದಕ್ಕೆ ನಿಸರ್ಗ ಎಂದು ಹೆಸರಿಟ್ಟಿದ್ದೀರಿ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು.

ನಾನು ಕೆಲಸ ಕಲಿತ ವಾರಪತ್ರಿಕೆಯ ಸಂಪಾದಕರು ಕರಡಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ‘ಯಾರು?’ ಎಂದಷ್ಟೇ ಬರೆದು ವಾಪಸು ಕೊಡುತ್ತಿದ್ದರು. “ಮೂರ್ತಿ ರೂಪುಗೊಳ್ಳುತ್ತದೆ” ಅಂದರೆ ಯಾರು? “ಕಲ್ಲು ಜೀವ ತಳೆಯುತ್ತದೆ” ಅಂದರೆ ಯಾರು? ಕೊನೆಗೆ ನನ್ನನ್ನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಅಟ್ಟಿದರು. ಅಲ್ಲಿ ಹಿರಿಯ ಶಿಲ್ಪಿಯೊಬ್ಬರು ಉಳಿ ಮುಟ್ಟುವ ಮೊದಲು ಸುತ್ತಿಗೆಯಿಂದ ಕಲ್ಲನ್ನು ಅಲ್ಲಲ್ಲಿ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದರು. ಗಣ್ ಎಂದರೆ ಸರಿ. ಮಂದ ಸದ್ದು ಬಂದರೆ ಒಳಗೆ ಬಿರುಕು, ಆ ಕಲ್ಲು ಪಕ್ಕಕ್ಕೆ. ಕಲ್ಲಿಗೂ ಅವರಿಗೂ ಇದ್ದ ಸಂಬಂಧ ಆ ತಟ್ಟುವಿಕೆಯಲ್ಲಿತ್ತು. ನಾನು ಅದನ್ನು ನೋಡಿದಂತೆಯೇ ಬರೆದೆ. ಆ ಸಲ ಅಂಚು ಖಾಲಿಯಿತ್ತು.

ಎರಡನೆಯ ಸಾಲು: “1978ರಲ್ಲಿ ನ್ಯಾಶ್ ತಮ್ಮ ಮರದ ಬಂಡೆಯನ್ನು ನದಿಗೆ ಅರ್ಪಿಸಿದರು.”

ಅರ್ಪಣೆಯ ಮಾತೇ ಅಲ್ಲಿಲ್ಲ. ಉತ್ತರ ವೇಲ್ಸ್‌ನ ಫೆಸ್ಟಿನಿಯೋಗ್ ಕಣಿವೆಯಲ್ಲಿ ಓಕ್ ಮರವೊಂದರಿಂದ ನ್ಯಾಶ್ ಬಂಡೆಯಂಥ ದೊಡ್ಡ ಗುಂಡು ಕೊರೆದರು. ಹೊತ್ತೊಯ್ಯಲಾಗದಷ್ಟು ಭಾರ. ಸ್ಟುಡಿಯೋ ಕಡೆಗೆ ಸಾಗಿಸಲೆಂದು ತೊರೆಗೆ ಉರುಳಿಸಿದರು. ಅದು ನಡುದಾರಿಯಲ್ಲಿ ಸಿಕ್ಕಿಕೊಂಡಿತು. ಎತ್ತಿಸಬಹುದಿತ್ತು. ಅಲ್ಲೇ ಬಿಡೋಣ ಎಂದು ಅವರು ತೀರ್ಮಾನಿಸಿದ ಆ ಗಳಿಗೆಯಲ್ಲೇ ಕೃತಿ ಹುಟ್ಟಿದ್ದು. ಆಮೇಲೆ ನೆರೆ ಬಂದಾಗಲೆಲ್ಲ ಅದು ಒಂದಿಷ್ಟು ಕೆಳಗೆ ಸಾಗಿತು, ಅವರು ಹಿಂದೆ ಹಿಂದೆ ಹೋಗಿ ಫೋಟೋ ತೆಗೆದರು. 2003ರಲ್ಲಿ ಅಳಿವೆಯಲ್ಲಿ ಕಣ್ಮರೆಯಾಯಿತು, 2013ರಲ್ಲಿ ಮತ್ತೆ ಕಾಣಿಸಿತು, 2015ರ ಹೊತ್ತಿಗೆ ಮತ್ತೆ ಇಲ್ಲ. ಇಷ್ಟೆಲ್ಲ ಇರುವಾಗ ‘ಅರ್ಪಿಸಿದರು’ ಎಂದು ಮುಗಿಸಿಬಿಟ್ಟಿರಲ್ಲ!

ನಿಮ್ಮ ಹೋಲಿಕೆ ಇಲ್ಲಿಂದ ಶುರುವಾಗಬೇಕಿತ್ತು: ಕೈಯಲ್ಲಿರುವ ವಸ್ತು ಮಾತು ಕೇಳದಾಗ ಇಬ್ಬರೂ ಏನು ಮಾಡುತ್ತಾರೆ? ಗೋಲ್ಡ್ಸ್‌ವರ್ದಿ ಎಲೆಗೆ ಎಲೆ ಮುಳ್ಳಿನಿಂದ ಚುಚ್ಚಿ ಜೋಡಿಸುತ್ತಾರೆ, ಹಿಮದ ಕಡ್ಡಿಗಳನ್ನು ಬರಿಗೈಯಲ್ಲಿ ಹಿಡಿದು ಅಂಟಿಸುತ್ತಾರೆ. ಬಿಸಿಲೇರುವ ಮುಂಚೆ, ಉಬ್ಬರ ಬರುವ ಮುಂಚೆ ಮುಗಿಯಬೇಕು. ಬಿದ್ದರೆ ಮತ್ತೆ ಮೊದಲಿನಿಂದ. ನ್ಯಾಶ್ ಕಾಯುವವರು. 1977ರಲ್ಲಿ 22 ಆ್ಯಶ್ ಸಸಿಗಳನ್ನು ವೃತ್ತಾಕಾರದಲ್ಲಿ ನೆಟ್ಟು, ದಶಕಗಟ್ಟಲೆ ಬಾಗಿಸುತ್ತಾ ಗುಮ್ಮಟ ಮಾಡಿದರು. ಈಗ ಆ ಮರಗಳಿಗೆ ಶಿಲೀಂಧ್ರ ರೋಗ ತಗುಲಿದೆ. ನೀವು ಅದನ್ನೂ ಬಿಟ್ಟಿದ್ದೀರಿ. ಇಬ್ಬರನ್ನೂ ಕೂಡಿಸುವ ಎಳೆಯೂ ಕೃಷಿಯದೇ. ಗೋಲ್ಡ್ಸ್‌ವರ್ದಿ ಹುಡುಗನಾಗಿದ್ದಾಗಲೇ ಹೊಲದ ಕೆಲಸಕ್ಕೆ ಹೋದವರು. ನ್ಯಾಶ್ ಮರ ಬಾಗಿಸುವ ವಿದ್ಯೆಯನ್ನು ತೆಗೆದುಕೊಂಡದ್ದು ಜೀವಂತ ಗಿಡಗಳನ್ನು ಬಾಗಿಸಿ ಬೇಲಿ ಕಟ್ಟುವ ರೈತರಿಂದ.

ಇನ್ನೊಬ್ಬ ಬ್ರಿಟಿಷ್ ಕಲಾವಿದ ರಿಚರ್ಡ್ ಲಾಂಗ್ ಕುರಿತ ಪ್ಯಾರಾ ತೆಗೆಯಿರಿ. 1967ರಲ್ಲಿ ಹುಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ಗೆರೆ ಮೂಡಿಸಿದ ಅವರಿಗೆ ಪ್ರತ್ಯೇಕ ಲೇಖನವೇ ಬೇಕು. ಈ ಇಬ್ಬರನ್ನೇ ಇಟ್ಟುಕೊಂಡು, ಗೋಡೆಯನ್ನು ಹೆದ್ದಾರಿಯವರೆಗೂ ನಡೆಸಿ, ಇನ್ನೊಮ್ಮೆ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.