ಗೋವಾದಲ್ಲಿ ಬಾಡಿಗೆಗಿರುವ ಕನ್ನಡಿಗರು ಪಂಚಾಯ್ತಿ ಲೆಕ್ಕ ಕೇಳಬಹುದಾ?

ಕೇಳಬಹುದು. ಆದರೆ ಗ್ರಾಮಸಭೆಯಲ್ಲಿ ಕೇಳುವುದು ಬೇರೆ, ಅರ್ಜಿ ಹಾಕಿ ಕೇಳುವುದು ಬೇರೆ.

ಗ್ರಾಮಸಭೆಯ ಸದಸ್ಯರು ಅಂದರೆ ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಇರುವವರು. ಜುವಾರಿನಗರದಲ್ಲಿ ಇಪ್ಪತ್ತು ವರ್ಷದಿಂದ ಇದ್ದರೂ ವೋಟು ಇನ್ನೂ ಬಾಗಲಕೋಟೆ ಕಡೆಯ ಊರಲ್ಲೇ ಇದ್ದರೆ ನೀವು ಸದಸ್ಯರಲ್ಲ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ಫಾರ್ಮ್ 8 ತುಂಬಿ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಊರಿನ ವೋಟು ಬಿಡಲು ಮನಸ್ಸು ಬರಲ್ಲ, ಅದೂ ನಿಜ. (ವಾಸ್ಕೋ ಪಟ್ಟಣದವರಿಗೆ ಈ ಮಾತು ಹೊಂದಲ್ಲ. ಅಲ್ಲಿರುವುದು ಪುರಸಭೆ.)

ಮಾಹಿತಿ ಹಕ್ಕಿಗೆ ಈ ತೊಡಕಿಲ್ಲ. 2005ರ ಆ ಕಾಯ್ದೆಯಡಿ ದೇಶದ ಯಾವ ನಾಗರಿಕರಾದರೂ ಕೇಳಬಹುದು. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಅಲ್ಲಿನ ಆಡಳಿತ ಭಾಷೆಯಲ್ಲಿ ಇರಬೇಕು, ಕನ್ನಡ ನಡೆಯಲ್ಲ. ಬರೆಯಲು ಬಾರದಿದ್ದರೆ, ಬಾಯಲ್ಲಿ ಹೇಳಿದ್ದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು.

"ಚರಂಡಿ ಯಾಕೆ ಆಗಿಲ್ಲ" ಅಂತ ಸುಮ್ನೆ ಬರೆಯಬೇಡಿ. ಆ ಚರಂಡಿಯ ಟೆಂಡರ್, ಬಿಲ್ಲು, ಅಳತೆ ಪುಸ್ತಕದ (ಆದ ಕೆಲಸದ ಅಳತೆ ಬರೆದಿಡುವ ಪುಸ್ತಕ) ನಕಲು ಕೇಳಿ.