ಅರ್ಧ ನಿಮಿಷದ ಕಳ್ಳ

ಪತ್ರ: ‘ಹಳೆಯ ಪತ್ತೇದಾರಿ ಕಿರುಚಿತ್ರಗಳ ರೀಲು ಕೂಡಿಡುವವರನ್ನು ಹೋದ ಸಂಚಿಕೆಯಲ್ಲಿ ಹೊಗಳಿದ್ದೀರಿ. ಅರ್ಧ ನಿಮಿಷದ ಚಿತ್ರದಲ್ಲಿ ಎಂಥ ರಹಸ್ಯ ಸ್ವಾಮಿ? ಅದಕ್ಕೆ ದುಡ್ಡು ಸುರಿಯುವುದು ಹುಚ್ಚಲ್ವಾ?’
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹುಚ್ಚೇ, ಒಪ್ಪಿದೆ. ಕಥೆ ಅಂತ ನೋಡಿದರೆ ಜಾಸ್ತಿಯವು ಸಪ್ಪೆ. ನಿಮ್ಮ ಪರವಾಗಿ ಇಷ್ಟು ಸಾಕು.

ನೀವು ಹೇಳುವ ಆ ಅರ್ಧ ನಿಮಿಷದ ಚಿತ್ರ 1900ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ‘ಷರ್ಲಾಕ್ ಹೋಮ್ಸ್ ಬ್ಯಾಫಲ್ಡ್’ ತಾನೆ? ಪೆಟ್ಟಿಗೆಯೊಳಗೆ ಇಣುಕಿ, ಹಿಡಿಕೆ ತಿರುಗಿಸಿ ಒಬ್ಬೊಬ್ಬರೇ ನೋಡುವ ಮ್ಯೂಟೊಸ್ಕೋಪಿಗೆಂದು ಮಾಡಿದ್ದು. ಕಳ್ಳ ಬೆಳ್ಳಿ ಸಾಮಾನು ಚೀಲಕ್ಕೆ ತುಂಬುತ್ತಾನೆ. ಹಿಡಿಯಲು ಹೋದರೆ ಮಾಯ. ಹೋಮ್ಸ್ ಸಿಗಾರ್ ಹಚ್ಚುತ್ತಾನೆ, ಕಳ್ಳ ಮತ್ತೆ ಹಾಜರ್. ಕೊನೆಗೆ ಹೋಮ್ಸ್ ಕೈಲಿದ್ದ ಚೀಲವೂ ಮಾಯವಾಗಿ ಕಳ್ಳನ ಕೈಗೆ ಹೋಗುತ್ತದೆ. ಅವನು ಕಿಟಕಿಯಿಂದ ಪರಾರಿ. ಪತ್ತೇದಾರ ಬೆಪ್ಪಾಗಿ ನಿಲ್ಲುತ್ತಾನೆ.

ಸಪ್ಪೆ ಅಲ್ವಾ? ಈಗ ಕೇಳಿ. ಈ ಚಿತ್ರ ಎಷ್ಟೋ ವರ್ಷ ಕಾಣೆಯಾಗಿತ್ತು. 1968ರಲ್ಲಿ ಮೈಕೆಲ್ ಪಾಯಿಂಟರ್ ಎಂಬ ಹೋಮ್ಸ್ ಹುಚ್ಚರು ಅದನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪತ್ತೆ ಮಾಡಿದರು. ಫಿಲ್ಮಿನ ಮೇಲಲ್ಲ, ಕಾಗದದ ಸುರುಳಿಯ ಮೇಲೆ! 1912ರವರೆಗೆ ಅಲ್ಲಿ ಸಿನಿಮಾಕ್ಕೆ ಬೇರೆ ಕಾಪಿರೈಟ್ ಇರಲಿಲ್ಲ, ಫೋಟೋಗೆ ಇತ್ತು. ಹಾಗಾಗಿ ಕಂಪನಿಗಳು ಇಡೀ ಚಿತ್ರವನ್ನು ಕಾಗದಕ್ಕೆ ಅಚ್ಚು ಹಾಕಿ ಸರ್ಕಾರಕ್ಕೆ ಒಪ್ಪಿಸುತ್ತಿದ್ದವು. ಆ ಕಾಲದ, ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಫಿಲ್ಮು ಕೊಳೆಯಿತು, ಸುಟ್ಟುಹೋಯಿತು. ಕಾಗದ ಉಳಿಯಿತು.

ಇನ್ನು ಅಮೆರಿಕದ ಪತ್ತೇದಾರಿ ಕಾದಂಬರಿಕಾರ ಎಸ್. ಎಸ್. ವ್ಯಾನ್ ಡೈನ್ ಹೆಸರಿನಲ್ಲಿ 1931–32ರಲ್ಲಿ ಬಂದ ಎರಡು ರೀಲಿನ ಪತ್ತೇದಾರಿ ಚಿತ್ರಗಳು. ಒಟ್ಟು ಹನ್ನೆರಡೇ. ಹನ್ನೊಂದು ಸಿಕ್ಕವನಿಗೆ ರಾತ್ರಿ ನಿದ್ದೆ ಬರುತ್ತಾ, ನೀವೇ ಹೇಳಿ.

ಹುಡುಗರಾಗಿದ್ದಾಗ ನಾವು ಟೂರಿಂಗ್ ಟಾಕೀಸಿನ ಹಿಂದೆ ಬಿದ್ದ ಫಿಲ್ಮ್ ತುಂಡು ಆಯುತ್ತಿದ್ದೆವು. ಸುಟ್ಟ ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಹಾಯಿಸಿ, ಅಜ್ಜನ ಪಂಚೆಯ ಮೇಲೆ ‘ಸಿನಿಮಾ’ ಬಿಡುತ್ತಿದ್ದೆವು. ನನ್ನ ಹತ್ತಿರ ಒಂದು ತುಂಡಿತ್ತು. ಮುಚ್ಚಿದ ಬಾಗಿಲು, ಚಿಲಕದ ಮೇಲೊಂದು ಕೈ. ಯಾರ ಕೈ? ಐವತ್ತು ವರ್ಷದಿಂದ ಯೋಚಿಸುತ್ತಿದ್ದೇನೆ. ಡಬ್ಬಿ ಸಮೇತ ಅದನ್ನು ಅಮ್ಮ ಹಳೇ ಪೇಪರಿನವನಿಗೆ ಹಾಕಿಬಿಟ್ಟಳು.

ಅಮ್ಮನನ್ನು ಬೈದು ಏನು ಬಂತು? ನಾಡೇ ಹಾಗೆ ಮಾಡಿದೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಫಿಲ್ಮಿನ ಲೇಪದಲ್ಲಿರುವ ಬೆಳ್ಳಿ ತೆಗೆಯಲು ಹಳೇ ರೀಲುಗಳನ್ನು ತೂಕಕ್ಕೆ ಮಾರುತ್ತಿದ್ದ ಜನ ನಾವು. ಬುದ್ಧಿವಂತರು ಬೇಕಾದಷ್ಟಿದ್ದರು, ನಿಮ್ಮ ಲೆಕ್ಕದ ಹುಚ್ಚ ಒಬ್ಬನೂ ಇರಲಿಲ್ಲ.

ನಿಮ್ಮ ಮನೆ ಅಟ್ಟದ ಮೇಲೆ ತುಕ್ಕು ಹಿಡಿದ ದುಂಡು ಡಬ್ಬಿ ಏನಾದರೂ ಇದೆಯೇ? ಹುಳಿ ವಾಸನೆ ಬರುತ್ತಿದ್ದರೂ ಪರವಾಗಿಲ್ಲ. ರದ್ದಿಗೆ ಹಾಕುವ ಮುಂಚೆ ನನಗೊಂದು ಕಾರ್ಡು ಬರೆಯಿರಿ.

– ಸಂ.