ಹ್ಯಾರಿ ಪಾಟರ್: ಪುಸ್ತಕ ಓದಿದವರ ತಕರಾರು

ಈ ಸಲ ಬಂದಿರೋ ಪತ್ರಗಳಲ್ಲಿ ಹ್ಯಾರಿ ಪಾಟರ್ ಸಿನಿಮಾಗಳ ಬಗ್ಗೆ ಕೇಳಿರೋವೇ ಜಾಸ್ತಿ, ಹಾಗಾಗಿ ಇಡೀ ಅಂಕಣ ಅದಕ್ಕೇ. ಕಥೆ ಗೊತ್ತಿಲ್ಲದೋರು ಹುಷಾರು, ಕೊನೇ ತನಕ ಎಲ್ಲಾ ಬಾಯಿಬಿಟ್ಟು ಮಾತಾಡ್ತೀನಿ.

ಪ್ರಶ್ನೆ: ನನ್ನ ಮಗಳು ಏಳೂ ಪುಸ್ತಕ ಓದಿ ಮುಗಿಸಿ ಈಗ ಸಿನಿಮಾ ನೋಡ್ತಿದ್ದಾಳೆ. ಮೂರನೇದು ನೋಡಿ ಮುಖ್ಯವಾದದ್ದೇ ಇಲ್ಲ ಅಂತ ಸಿಟ್ಟು ಮಾಡ್ಕೊಂಡಿದ್ದಾಳೆ. ರಿವ್ಯೂ ಬರೆಯೋರು ಅದೇ ಬೆಸ್ಟ್ ಅಂತಾರೆ. ಯಾರ ಮಾತು ಸರಿ? (ಓದುಗರು, ಮೈಸೂರು)

ಉತ್ತರ: ಸಿನಿಮಾ ಅಂತ ನೋಡಿದ್ರೆ ಎಂಟರಲ್ಲಿ (ಏಳನೇ ಪುಸ್ತಕವನ್ನ ಎರಡು ಭಾಗ ಮಾಡಿ ತೆಗೆದ್ರಲ್ಲ) ಅದೇ ಬೆಸ್ಟ್, ನಾನೂ ಅದೇ ಹೇಳೋದು. ಮೊದಲೆರಡು ಕ್ರಿಸ್ ಕೊಲಂಬಸ್ ಮಾಡಿದ್ದು, ಪುಸ್ತಕ ಪಕ್ಕದಲ್ಲಿಟ್ಕೊಂಡು ಪುಟ ಪುಟ ತಿರುಗಿಸಿ ತೆಗೆದ ಹಾಗಿದಾವೆ, ಎರಡನೇದಂತೂ 161 ನಿಮಿಷ, ಎಂಟರಲ್ಲೇ ಉದ್ದ, ಆದ್ರೆ ಪುಸ್ತಕ ನೋಡಿದ್ರೆ ಸಣ್ಣವುಗಳಲ್ಲಿ ಒಂದು. 2004ರಲ್ಲಿ ಮೂರನೇದನ್ನ ನಿರ್ದೇಶಿಸೋಕೆ ಅಲ್ಫಾನ್ಸೊ ಕ್ವಾರೋನ್ ಬಂದ್ಮೇಲೆ ಹುಡುಗರು ಮಾಮೂಲಿ ಬಟ್ಟೆ ಹಾಕ್ಕೊಂಡು ಓಡಾಡೋಕೆ ಶುರುಮಾಡಿದ್ರು, ಶಾಲೆ ಸುತ್ತ ಬೆಟ್ಟ ಗುಡ್ಡ ಕಾಣಿಸ್ತು, ಹೊಡೆಯೋ ಮರ ಇದ್ಯಲ್ಲ, ಅದರ ಎಲೆ ಉದುರೋದು, ಹಿಮ ಬೀಳೋದು ಇವುಗಳಲ್ಲೇ ವರ್ಷ ಕಳೆದಿದ್ದು ತೋರಿಸ್ಬಿಟ್ರು. ಅವರು ಮೂರೂ ಮಕ್ಕಳಿಗೆ ನಿಮ್ಮ ನಿಮ್ಮ ಪಾತ್ರದ ಬಗ್ಗೆ ಪ್ರಬಂಧ ಬರ್ಕೊಂಡು ಬನ್ನಿ ಅಂದ್ರಂತೆ, ಹ್ಯಾರಿ ಪಾತ್ರದ ಡೇನಿಯಲ್ ರ‍್ಯಾಡ್‌ಕ್ಲಿಫ್ ಒಂದು ಪುಟ ಬರೆದ, ಹ್ಯಾರಿಯ ಗೆಳತಿ ಹರ್ಮಯನಿ ಪಾತ್ರದ ಎಮ್ಮಾ ವಾಟ್ಸನ್ ಪುಟಗಟ್ಟಲೆ ಬರೆದ್ಲು, ಗೆಳೆಯ ರಾನ್ ಪಾತ್ರದ ರೂಪರ್ಟ್ ಗ್ರಿಂಟ್ ಕೊಡಲೇ ಇಲ್ಲ. ರಾನ್ ಆಗಿದ್ರೆ ಮಾಡ್ತಿದ್ದಿದ್ದೂ ಅದೇ ತಾನೇ!

ಆದ್ರೆ ನಿಮ್ಮ ಮಗಳ ಸಿಟ್ಟಿಗೆ ಕಾರಣ ಇದೆ. ಶಾಲೇಲಿ ಯಾರು ಎಲ್ಲಿದ್ದಾರೆ ಅಂತ ತೋರಿಸೋ ಮಾಯಾ ನಕ್ಷೆ ಮರಾಡರ್ಸ್ ಮ್ಯಾಪ್ ಮಾಡಿದ್ದು ಯಾರು ಅಂತ ಸಿನಿಮಾ ಹೇಳೋದೇ ಇಲ್ಲ. ಪುಸ್ತಕದಲ್ಲಿ ಅದನ್ನ ಮಾಡಿದ್ದು ಶಾಲೇಲಿ ಒಟ್ಟಿಗೆ ಓದ್ತಿದ್ದ ನಾಲ್ಕು ಗೆಳೆಯರು, ಲೂಪಿನ್, ಪೀಟರ್, ಸಿರಿಯಸ್ ಮತ್ತೆ ಹ್ಯಾರಿಯ ಅಪ್ಪ ಜೇಮ್ಸ್. ಹುಣ್ಣಿಮೆ ರಾತ್ರಿ ತೋಳ ಆಗೋ ಲೂಪಿನ್ ಒಬ್ಬನೇ ನರಳಬಾರದು ಅಂತ ಉಳಿದ ಮೂರೂ ಜನ ಕದ್ದುಮುಚ್ಚಿ ಪ್ರಾಣಿ ಆಗೋ ವಿದ್ಯೆ ಕಲಿತಿರ್ತಾರೆ, ಜೇಮ್ಸ್ ಆಗ್ತಿದ್ದದ್ದು ಗಂಡು ಜಿಂಕೆ. ಇದು ಗೊತ್ತಿದ್ರೆ ಕೊಳದ ಆಚೆ ದಡದಲ್ಲಿ ಹ್ಯಾರಿಯ ಮಂತ್ರದಿಂದ ಜಿಂಕೆ ಎದ್ದು ಬಂದಾಗ ಗಂಟಲು ಕಟ್ಟುತ್ತೆ, ಗೊತ್ತಿಲ್ದಿದ್ರೆ ಅದು ಬರೀ ಚಂದದ ಬೆಳಕು. ಎರಡು ನಿಮಿಷದ ಮಾತು ಸಾಕಿತ್ತು. ಸೀನ್ ಕತ್ತರಿಸಿದ್ದಕ್ಕೆ ನನಗೆ ಬೇಜಾರಿಲ್ಲ, ಎಲ್ಲಾ ಹಾಕೋಕೆ ಆಗಲ್ಲ, ಆದ್ರೆ ಈ ಸಿನಿಮಾಗಳು ಉದ್ದಕ್ಕೂ ನಡೆದ ಘಟನೆ ಇಟ್ಕೊಂಡು ಅದು ಯಾಕೆ ನಡೀತು ಅನ್ನೋದನ್ನ ಬಿಡ್ತಾ ಬಂದಿದಾವೆ, ನನ್ನ ತಕರಾರಿರೋದು ಅಲ್ಲಿ.

ಪ್ರಶ್ನೆ: ರಾನ್ ಸಿನಿಮಾದಲ್ಲಿ ಬರೀ ಕಾಮಿಡಿ ಪೀಸ್. ಪುಸ್ತಕದಲ್ಲೂ ಹೀಗೇನಾ? (ಓದುಗರು, ಧಾರವಾಡ)

ಉತ್ತರ: ಖಂಡಿತ ಅಲ್ಲ, ಈ ಪ್ರಶ್ನೆ ಕೇಳಿದ್ದು ನನಗೆ ತುಂಬಾ ಖುಷಿ ಆಯ್ತು. ಮೂರನೇ ಪುಸ್ತಕದಲ್ಲಿ ರಾನ್‌ನ ಕಾಲು ಮುರಿದಿರುತ್ತೆ, ನೋವಿಗೆ ಮುಖ ಬಿಳಿಚಿಕೊಂಡಿರುತ್ತೆ, ಆದ್ರೂ ಕಷ್ಟಪಟ್ಟು ಎದ್ದು ನಿಂತು, ಹ್ಯಾರಿನ ಕೊಲ್ಲೋಕೆ ಬಂದಿದ್ದಾನೆ ಅಂತ ಇವರು ಆಗ ತಪ್ಪಾಗಿ ನಂಬಿದ್ದ ಸಿರಿಯಸ್‌ಗೆ ಹ್ಯಾರಿನ ಕೊಲ್ಲಬೇಕಂದ್ರೆ ನಮ್ಮನ್ನೂ ಕೊಲ್ಲಬೇಕಾಗುತ್ತೆ ಅಂತ ಹೇಳೋನು ಅವನು. ಸಿನಿಮಾದಲ್ಲಿ ಆ ಮಾತು ಹರ್ಮಯನಿ ಬಾಯಿಗೆ ಹೋಯ್ತು, ರಾನ್ ಮೂಲೇಲಿ ನರಳ್ತಾ ಬಿದ್ದಿರ್ತಾನೆ. ಮೊದಲನೇದರಲ್ಲಿ ಬಳ್ಳಿ ಸುತ್ಕೊಳ್ಳೋ ಸೀನ್ ನೆನಪಿಸ್ಕೊಳ್ಳಿ, ಪುಸ್ತಕದಲ್ಲಿ ಹರ್ಮಯನಿ ಗಾಬರಿಲಿ ಬೆಂಕಿ ಹಚ್ಚೋಕೆ ಸೌದೆ ಇಲ್ಲ ಅಂತಾಳೆ, ನೀನು ಮಾಟಗಾತಿ ಹೌದೋ ಅಲ್ವೋ ಅಂತ ಕೂಗಿ ಎಚ್ಚರಿಸೋನು ರಾನ್. ಸಿನಿಮಾದಲ್ಲಿ ಅವಳಿಗೆ ಎಲ್ಲಾ ಗೊತ್ತು, ಇವನು ಕಿರಿಚಾಡ್ತಾನೆ. ಎಂಟರಲ್ಲಿ ಏಳಕ್ಕೆ ಚಿತ್ರಕಥೆ ಬರೆದ ಸ್ಟೀವ್ ಕ್ಲೋವ್ಸ್‌ಗೆ ಹರ್ಮಯನಿ ಅಂದ್ರೆ ಅಚ್ಚುಮೆಚ್ಚು, ಅವರೇ ಹೇಳ್ಕೊಂಡಿದ್ದಾರೆ. ಇದರಿಂದ ಇಬ್ಬರಿಗೂ ಲುಕ್ಸಾನು, ತಪ್ಪೇ ಮಾಡದ ಹುಡುಗಿ ಒಂದು ಕಡೆ, ಧೈರ್ಯಾನೇ ಇಲ್ಲದ ಹುಡುಗ ಇನ್ನೊಂದು ಕಡೆ, ಮುಂದೆ ಇಬ್ಬರೂ ಪ್ರೀತಿಸ್ತಾರೆ ಅಂದಾಗ ಸಿನಿಮಾ ಮಾತ್ರ ನೋಡಿದೋರು ಇವನಲ್ಲಿ ಏನು ನೋಡಿದ್ಲಪ್ಪಾ ಅಂತ ಕೇಳ್ತಾರೆ. ಗ್ರಿಂಟ್ ಒಳ್ಳೆ ನಟ, ಅವನ ತಪ್ಪಲ್ಲ ಇದು.

ಪ್ರಶ್ನೆ: ಐದನೇ ಪುಸ್ತಕ ಅಷ್ಟು ದಪ್ಪ, ಸಿನಿಮಾ ಯಾಕೆ ಅಷ್ಟು ಚಿಕ್ಕದು? (ಓದುಗರು, ತುಮಕೂರು)

ಉತ್ತರ: ಇಂಗ್ಲೆಂಡಿನ ಆವೃತ್ತಿ 766 ಪುಟ, ಏಳರಲ್ಲೇ ದೊಡ್ಡದು, ಸಿನಿಮಾ 138 ನಿಮಿಷ, ಅದಕ್ಕಿಂತ ಚಿಕ್ಕದು ಕೊನೇದೊಂದೇ. ಕ್ಲೋವ್ಸ್ ಬರೀದಿದ್ದ ಒಂದೇ ಸಿನಿಮಾ ಇದು, ಬರೆದವರು ಮೈಕಲ್ ಗೋಲ್ಡನ್‌ಬರ್ಗ್. ಕ್ರೂರ ಟೀಚರ್ ಅಂಬ್ರಿಜ್ ಪಾತ್ರ ಮಾಡಿದ ಇಮೆಲ್ಡಾ ಸ್ಟಾಂಟನ್‌ಗಾಗಿ ನಾನು ಎಷ್ಟು ಸಲ ಬೇಕಾದ್ರೂ ನೋಡ್ತೀನಿ, ಆ ನಗು ಕೇಳಿದ್ರೇ ಮೈ ಉರಿಯುತ್ತೆ. ಆದ್ರೆ ಹ್ಯಾರಿಯ ಸಹಪಾಠಿ ನೆವಿಲ್ ವಿಷಯಕ್ಕೆ ಕ್ಷಮಿಸೋಕಾಗಲ್ಲ. ಪುಸ್ತಕದಲ್ಲಿ ಆಸ್ಪತ್ರೆ ಸೀನ್ ಇದೆ, ಚಿತ್ರಹಿಂಸೆಯಿಂದ ಬುದ್ಧಿ ಕಳ್ಕೊಂಡ ಅಮ್ಮ ಬಂದು ಮಗನ ಕೈಗೆ ಒಂದು ಖಾಲಿ ಚೂಯಿಂಗ್ ಗಮ್ ಕಾಗದ ಕೊಡ್ತಾಳೆ, ಅಜ್ಜಿ ಅದನ್ನ ಬುಟ್ಟಿಗೆ ಹಾಕು ಅಂತಾರೆ, ಅವನು ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕ್ಕೋತಾನೆ. ಸಿನಿಮಾದಲ್ಲಿ ಒಂದು ಹಳೇ ಫೋಟೋ ನೋಡಿ ಎರಡು ಮಾತಾಡ್ತಾನೆ, ಮುಗೀತು. ಖಳನಾಯಕ ವೋಲ್ಡೆಮೊರ್ಟ್ ನ ಸೋಲಿಸೋ ಶಕ್ತಿ ಇರುತ್ತೆ ಅಂತ ಭವಿಷ್ಯವಾಣಿಲಿ ಹೇಳಿದ ಹುಡುಗ ಹ್ಯಾರಿನೂ ಆಗಬಹುದಿತ್ತು ನೆವಿಲ್ಲೂ ಆಗಬಹುದಿತ್ತು, ವೋಲ್ಡೆಮೊರ್ಟೇ ಹ್ಯಾರಿನ ಆರಿಸ್ಕೊಂಡಿದ್ದು ಅನ್ನೋದನ್ನೂ ಬಿಟ್ಟಿದ್ದಾರೆ, ಹಾಗಾಗಿ ಕೊನೇಲಿ ನೆವಿಲ್ ಆ ಖಳನ ಹಾವಿನ ತಲೆ ಕಡಿದಾಗ ಜನ ಶಿಳ್ಳೆ ಹೊಡೀತಾರೆ, ಆ ಹೊಡೆತದ ಭಾರ ಮಾತ್ರ ಪುಸ್ತಕ ಓದಿದೋರಿಗಷ್ಟೇ ಗೊತ್ತು.

ಪ್ರಶ್ನೆ: ಕೊನೇ ಫೈಟ್ ಸೂಪರ್ ಅಲ್ವಾ? (ಓದುಗರು, ದಾವಣಗೆರೆ)

ಉತ್ತರ: ನೋಡೋಕೆ ಸೂಪರ್, ಅರ್ಥದಲ್ಲಿ ಕಮ್ಮಿ. ಪುಸ್ತಕದಲ್ಲಿ ಆ ಕಾಳಗ ದೊಡ್ಡ ಹಾಲ್‌ನಲ್ಲಿ ಎಲ್ಲರ ಎದುರು ನಡೆಯುತ್ತೆ, ವೋಲ್ಡೆಮೊರ್ಟ್ ಸತ್ತು ಮಾಮೂಲಿ ಮನುಷ್ಯನ ಹಾಗೆ ನೆಲಕ್ಕೆ ಬೀಳ್ತಾನೆ, ಹೆಣ ಉಳಿಯುತ್ತೆ. ಸಾವಿಗೆ ಹೆದರಿ ಆತ್ಮಾನೇ ಚೂರು ಚೂರು ಮಾಡ್ಕೊಂಡೋನಿಗೆ ಅದೇ ಸರಿಯಾದ ಅಂತ್ಯ. ಸಿನಿಮಾದಲ್ಲಿ ಅಂಗಳದಲ್ಲಿ ಇಬ್ಬರೇ, ಅವನು ಬೂದಿಯಾಗಿ ಹಾರಿಹೋಗ್ತಾನೆ. ಆದ್ರೆ ಅದಕ್ಕೆ ಮುಂಚಿನ ಭಾಗದಲ್ಲಿ ಪುಸ್ತಕದಲ್ಲಿಲ್ಲದ ಒಂದು ಸೀನ್ ಸೇರಿಸಿದ್ದಾರೆ, ರಾನ್ ಬಿಟ್ಟುಹೋದ್ಮೇಲೆ ಟೆಂಟ್ ಒಳಗೆ ಹ್ಯಾರಿ ಹರ್ಮಯನಿನ ಎಬ್ಬಿಸಿ ಕುಣಿಸೋದು, ಅದು ನನಗೆ ಬಹಳ ಇಷ್ಟ. ಪುಸ್ತಕದ ಮನಸ್ಸು ಹಿಡಿದು ಹೊಸದು ಸೇರಿಸಿದ್ರೆ ನನ್ನ ತಕರಾರೇನೂ ಇಲ್ಲ.

ಪ್ರಶ್ನೆ: ಮಗನಿಗೆ ಎಂಟು ವರ್ಷ. ಎಂಟೂ ಸಿನಿಮಾ ತೋರಿಸಬಹುದಾ? (ಓದುಗರು, ಉಡುಪಿ)

ಉತ್ತರ: ಈಗ್ಲೇ ಬೇಡ. ಮೊದಲೆರಡು ತೋರಿಸಿ, ಎರಡನೇದರಲ್ಲಿ ಜೇಡ, ದೊಡ್ಡ ಹಾವು ಇದಾವೆ, ಪಕ್ಕದಲ್ಲಿ ಕೂತ್ಕೊಳ್ಳಿ. ಮೂರನೇದನ್ನ ನೀವು ಮೊದಲು ನೋಡಿ ತೀರ್ಮಾನ ಮಾಡಿ. ನಾಲ್ಕನೇದರಲ್ಲಿ ಸ್ಮಶಾನದಲ್ಲಿ ಒಬ್ಬ ಹುಡುಗನ ಕೊಲೆ ಆಗುತ್ತೆ, ಅಮೆರಿಕದಲ್ಲೂ ಮೊದಲ ಮೂರಕ್ಕೆ ಪಿಜಿ (ಮಕ್ಕಳು ನೋಡೋದಾದ್ರೆ ದೊಡ್ಡೋರ ಗಮನ ಇರಲಿ) ಕೊಟ್ಟೋರು ಅದಕ್ಕೆ ಪಿಜಿ-13 (ಹದಿಮೂರಕ್ಕಿಂತ ಚಿಕ್ಕೋರಿಗೆ ಇನ್ನೂ ಹೆಚ್ಚು ಎಚ್ಚರ) ಕೊಟ್ರು. ಅಲ್ಲಿಂದ ಮುಂದಿನದು ಎರಡು ಮೂರು ವರ್ಷ ಕಾಯಲಿ, ಅಷ್ಟರಲ್ಲಿ ಪುಸ್ತಕ ಓದಿಸಿ.